ಹೆಸರೂ ಅವರದೇ, ಕೈಯೂ ಅವರದೇ ಇರಲಿ

ಪ್ರಶ್ನೆ: ನನ್ನ ತವರು ಹಾಸನ. ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿದ್ದೇವೆ. ನಮ್ಮ ಯಜಮಾನರು ಚಿಕ್ಕ ವಯಸ್ಸಿನಲ್ಲೇ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಬಂದವರು. ಇಲ್ಲಿನ ನೌಕಾಪಡೆಯಲ್ಲಿ 8 ವರ್ಷ ಇದ್ದರು. ಹಡಗಿನ ಏಸಿ, ಕೂಲಿಂಗ್ ಯಂತ್ರಗಳ ರಿಪೇರಿ ಅವರ ಕೆಲಸ. ಅಲ್ಲೇ ಬೆನ್ನಿಗೆ ಪೆಟ್ಟಾಯಿತು, ಕಿವಿಯೂ ಮಂದವಾಯಿತು. ಮಾಜಿ ಸೈನಿಕರನ್ನು ನೋಡಿಕೊಳ್ಳುವ ವಿಎ ಇಲಾಖೆ 30% ಅಂಗವೈಕಲ್ಯ ಅಂತ ಪತ್ರ ಕೊಟ್ಟಿದೆ. ಈಗ ಒಂದು ಏಸಿ ಕಂಪನಿಯಲ್ಲಿ ನೌಕರಿ. ಸ್ವಂತ ಕಂಪನಿ ಮಾಡಬೇಕು ಅಂತ ಅವರಿಗೆ ತುಂಬಾ ಆಸೆ. ಇಂಥವರಿಗೆ ಸರ್ಕಾರ ಕೆಲಸ ಮೀಸಲಿಡುತ್ತದಂತೆ, ನಿಜವಾ? 30% ಸಾಕಾ? ಬೇ ಏರಿಯಾದಲ್ಲಿ ಐಟಿ ಕಂಪನಿ ನಡೆಸುವ ನನ್ನ ತಮ್ಮ, "51% ಭಾವನ ಹೆಸರಲ್ಲಿ ಹಾಕೋಣ, ದುಡ್ಡು ನಂದು, ನಡೆಸೋದೂ ನಾನೇ, ಐಟಿ ಕಾಂಟ್ರಾಕ್ಟ್ ಹಿಡಿಯೋಣ" ಅನ್ನುತ್ತಿದ್ದಾನೆ. ಇನ್ನೊಬ್ಬರು ಫೋನ್ ಮಾಡಿ, 3,000 ಡಾಲರ್ ಕೊಟ್ಟರೆ ನೋಂದಣಿ, ಸರ್ಟಿಫಿಕೇಟ್ ಎಲ್ಲ ಮಾಡಿಸಿಕೊಡುತ್ತೇವೆ ಅಂದರು. ಎಲ್ಲಿಂದ ಶುರು ಮಾಡಬೇಕು, ದಯವಿಟ್ಟು ಹೇಳಿ.

ಉತ್ತರ: ನಮಸ್ಕಾರ. ಮೊದಲು ಆ ಫೋನ್ ಮಾಡಿದವರ ವಿಷಯ ಮುಗಿಸಿಬಿಡೋಣ. ಅವರಿಗೆ ಒಂದು ಡಾಲರೂ ಕೊಡಬೇಡಿ. ಕೇಂದ್ರ ಸರ್ಕಾರದ ಜೊತೆ ವ್ಯಾಪಾರ ಮಾಡಬೇಕಾದರೆ ಸ್ಯಾಮ್ ಡಾಟ್ ಗವ್ ಅನ್ನುವ ಸರ್ಕಾರಿ ತಾಣದಲ್ಲಿ ಕಂಪನಿ ನೋಂದಾಯಿಸಬೇಕು. ಅದು ಪೂರ್ತಿ ಉಚಿತ. ಪ್ರತಿ ವರ್ಷ ನವೀಕರಿಸುವುದೂ ಉಚಿತ. ಮಾಜಿ ಸೈನಿಕರ ಸರ್ಟಿಫಿಕೇಟ್ ಕೊಡುವುದು ಎಸ್‌ಬಿಎ, ಅಂದರೆ ಸಣ್ಣ ಉದ್ಯಮಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ. ಅದೂ ಫೀಸು ತೆಗೆದುಕೊಳ್ಳುವುದಿಲ್ಲ. ಸ್ಯಾಮ್‌ನಲ್ಲಿ ಹೆಸರು ಹಾಕಿದ ಮೇಲೆ ಇಂಥ ಫೋನುಗಳು ಇನ್ನೂ ಜಾಸ್ತಿ ಬರುತ್ತವೆ. ಅಲ್ಲಿನ ಮಾಹಿತಿಯ ಒಂದು ಭಾಗ ಯಾರಿಗೆ ಬೇಕಾದರೂ ಕಾಣುತ್ತದೆ, ಅದಕ್ಕೆ. "ನಿಮ್ಮ ನೋಂದಣಿ ಇವತ್ತೇ ರದ್ದಾಗುತ್ತದೆ" ಅಂತ ಹೆದರಿಸುವ ಇಮೇಲುಗಳೂ ಬರುತ್ತವೆ. ಹೆದರಬೇಡಿ.

ಸಹಾಯ ಬೇಕಾದರೆ ಎಪೆಕ್ಸ್ ಆಕ್ಸಿಲರೇಟರ್ ಕಚೇರಿಗೆ ಹೋಗಿ. ಮೊದಲು ಇವನ್ನು ಪಿ-ಟ್ಯಾಕ್ ಅನ್ನುತ್ತಿದ್ದರು. 1985ರಿಂದ ನಡೆಯುತ್ತಿರುವ ವ್ಯವಸ್ಥೆ ಇದು. ರಕ್ಷಣಾ ಇಲಾಖೆ ದುಡ್ಡು ಹಾಕುತ್ತದೆ. ನೋಂದಣಿ ಮಾಡಿಸುವುದರಿಂದ ಹಿಡಿದು ಟೆಂಡರ್ ಓದುವುದು, ದರ ಹಾಕುವುದು ಹೇಗೆ ಅನ್ನುವವರೆಗೂ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ. ಮಾಜಿ ಸೈನಿಕರಿಗೆ ಅಂತಲೇ ಎಸ್‌ಬಿಎ ನೆರವಿನಿಂದ ನಡೆಯುವ ವೆಟರನ್ಸ್ ಬಿಸಿನೆಸ್ ಔಟ್‌ರೀಚ್ ಸೆಂಟರ್‌ಗಳೂ ಇವೆ. ಇಷ್ಟೆಲ್ಲ ಪುಕ್ಕಟೆ ಸಿಗುವಾಗ 3,000 ಡಾಲರ್ ಯಾಕೆ ಕಳೆದುಕೊಳ್ಳುತ್ತೀರಿ? ಆ ದುಡ್ಡಲ್ಲಿ ಯಜಮಾನರು ಒಂದಿಷ್ಟು ಒಳ್ಳೆಯ ಸಾಮಾನು ಕೊಳ್ಳಲಿ.

ಇನ್ನು 30%. ಸಾಕು. ನಿಜ ಹೇಳಬೇಕೆಂದರೆ 0% ಇದ್ದರೂ ಸಾಕು. ತುಂಬಾ ಜನ ಇದನ್ನು ನಂಬುವುದಿಲ್ಲ. ವಿಎ ಇಲಾಖೆ 0% ಅಂತ ಬರೆದರೆ "ಏನೂ ಇಲ್ಲ" ಅಂತ ಅರ್ಥ ಅಲ್ಲ. ಪೆಟ್ಟು ಸೇವೆಯಲ್ಲಿದ್ದಾಗಲೇ ಆಗಿದ್ದು ಅಂತ ಒಪ್ಪಿದ್ದಾರೆ, ಆದರೆ ತಿಂಗಳ ಪರಿಹಾರ ಕೊಡುವಷ್ಟು ಇಲ್ಲ ಅಂತ ಅರ್ಥ. ಕೇಂದ್ರ ಸರ್ಕಾರದ ಗುತ್ತಿಗೆಗೆ ಅಷ್ಟು ಸಾಕು. ಗಾಯ ಯುದ್ಧದಲ್ಲೇ ಆಗಿರಬೇಕು ಅಂತಲೂ ಇಲ್ಲ. ಹಡಗಿನ ಇಂಜಿನ್ ರೂಮಿನಲ್ಲಿ ಆದ ಬೆನ್ನು ನೋವೂ ಲೆಕ್ಕಕ್ಕೆ ಬರುತ್ತದೆ. ಶೇಕಡಾವಾರು ಜಾಸ್ತಿ ಇದ್ದವರಿಗೆ ಕೆಲಸ ಮೊದಲು ಸಿಗುತ್ತದೆ ಅನ್ನುವುದೂ ತಪ್ಪು. 0% ಆಗಲಿ 90% ಆಗಲಿ, ಟೆಂಡರಿನಲ್ಲಿ ಇಬ್ಬರೂ ಒಂದೇ.

ಇಂಥ ಕಂಪನಿಗೆ ಸರ್ಕಾರದ ಭಾಷೆಯಲ್ಲಿ ಎಸ್‌ಡಿವಿಒಎಸ್‌ಬಿ ಅನ್ನುತ್ತಾರೆ. ಸೇವೆಯಲ್ಲಿ ಅಂಗವೈಕಲ್ಯ ಹೊಂದಿದ ಮಾಜಿ ಸೈನಿಕರ ಒಡೆತನದ ಸಣ್ಣ ಉದ್ಯಮ ಅಂತ. ಉಚ್ಚರಿಸುವುದೇ ಕಷ್ಟ. ಆದರೆ ಈ ಹೆಸರು ನಿಮಗೆ ದಿನಾ ಕಿವಿಗೆ ಬೀಳಲಿದೆ.

ಈಗ "ಮೀಸಲು" ಅನ್ನುವ ಮಾತಿಗೆ ಬರೋಣ. ಆ ಪದ ಕೇಳಿದ ತಕ್ಷಣ ನಮ್ಮವರ ಮನಸ್ಸಿಗೆ ಊರಿನ ಮೀಸಲಾತಿ ಬರುತ್ತದೆ. ಇಷ್ಟು ಸೀಟು ಇವರದ್ದು, ಅರ್ಹತೆ ಇದ್ದರೆ ಸಿಕ್ಕೇ ಸಿಗುತ್ತದೆ ಅಂತ. ಇದು ಹಾಗಲ್ಲ. 1999ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಕೇಂದ್ರ ಸರ್ಕಾರ ವರ್ಷಕ್ಕೆ ಕೊಡುವ ಗುತ್ತಿಗೆಯ ಮೊತ್ತದಲ್ಲಿ 3% ಆದರೂ ಇಂಥ ಕಂಪನಿಗಳಿಗೆ ಹೋಗಬೇಕು ಅಂತ ಗುರಿ ಇಟ್ಟಿತು. ಗುರಿ ಇಟ್ಟಿದ್ದು ಇಲಾಖೆಗಳಿಗೆ. ಯಾವ ಒಂದು ಕಂಪನಿಗೂ ಅದರಿಂದ ಹಕ್ಕು ಬರಲಿಲ್ಲ. ಗುರಿ ಮುಟ್ಟಲು ಇಲಾಖೆಗಳ ಕೈಯಲ್ಲಿ ಉಪಾಯವೂ ಇರಲಿಲ್ಲ. 2003ರ ಕೊನೆಗೆ ಬಂದ ಇನ್ನೊಂದು ಕಾನೂನು ಆ ಉಪಾಯ ಕೊಟ್ಟಿತು. ಒಂದು ಟೆಂಡರನ್ನು ಇಂಥ ಕಂಪನಿಗಳು ಮಾತ್ರ ಹಾಕಬಹುದು ಅಂತ ಬೇಲಿ ಹಾಕಬಹುದು. ಕೆಲವು ಸಲ ಒಂದೇ ಕಂಪನಿಗೆ ನೇರವಾಗಿಯೂ ಕೊಡಬಹುದು. 2023ರ ಡಿಸೆಂಬರಿನಲ್ಲಿ ಆದ ಕಾನೂನು ಈ ಗುರಿಯನ್ನು 3%ರಿಂದ 5%ಕ್ಕೆ ಏರಿಸಿತು. 2023ರ ಆರ್ಥಿಕ ವರ್ಷದಲ್ಲೇ ಇಂಥ ಕಂಪನಿಗಳಿಗೆ ಹೋದ ಪಾಲು 5% ದಾಟಿತ್ತು. ಸುಮಾರು 3,200 ಕೋಟಿ ಡಾಲರ್. ಹಾಗಾಗಿ ಅವಕಾಶ ದೊಡ್ಡದೇ. ಆದರೆ ಬೇಲಿಯೊಳಗೆ ನೀವೊಬ್ಬರೇ ಇರುವುದಿಲ್ಲ, ಅಲ್ಲೂ ಸ್ಪರ್ಧೆ ಇದೆ.

ಈ ಬೇಲಿ ಯಾವಾಗ ಹಾಕುತ್ತಾರೆ ಅನ್ನುವುದನ್ನು ನೀವು ಚೆನ್ನಾಗಿ ತಿಳಿದುಕೊಳ್ಳಬೇಕು. ಈ ವಿಷಯದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾಗಿರುವುದು ಇದನ್ನೇ.

ಇದಕ್ಕೆ ಇಬ್ಬರ ನಿಯಮ ಅನ್ನುತ್ತಾರೆ, ರೂಲ್ ಆಫ್ ಟೂ. ಖರೀದಿ ಮಾಡುವ ಅಧಿಕಾರಿ ಟೆಂಡರ್ ಕರೆಯುವ ಮೊದಲು ಮಾರುಕಟ್ಟೆ ನೋಡುತ್ತಾರೆ. ಈ ಕೆಲಸವನ್ನು ನ್ಯಾಯವಾದ ಬೆಲೆಗೆ ಮಾಡಬಲ್ಲ ಇಂಥ ಮಾಜಿ ಸೈನಿಕರ ಎರಡು ಕಂಪನಿಗಳಾದರೂ ಟೆಂಡರ್ ಹಾಕುತ್ತವೆ ಅನ್ನಿಸಿದರೆ, ಅದನ್ನು ಅವರಿಗೇ ಮೀಸಲಿಡಬಹುದು. ವಿಎ ಬಿಟ್ಟು ಬೇರೆ ಇಲಾಖೆಗಳಲ್ಲಿ ಇದು "ಇಡಬಹುದು". ಅಲ್ಲಿ ಮಹಿಳೆಯರ ಕಂಪನಿ, ಹಿಂದುಳಿದ ಪ್ರದೇಶದ ಕಂಪನಿ, ಇಂಥ ಬೇರೆ ಗುಂಪುಗಳೂ ಇವೆ. ಯಾರಿಗೂ ಮೊದಲ ಮಣೆ ಇಲ್ಲ, ಅಧಿಕಾರಿ ಆರಿಸಿಕೊಳ್ಳುತ್ತಾರೆ. ಆದರೆ ಮಾಜಿ ಸೈನಿಕರ ಇಲಾಖೆಯಾದ ವಿಎಯಲ್ಲಿ ಮಾತ್ರ ಇದು "ಇಡಲೇಬೇಕು". ಅಲ್ಲಿ ಅಂಗವೈಕಲ್ಯ ಇರುವ ಮಾಜಿ ಸೈನಿಕರ ಕಂಪನಿ ಮೊದಲು, ಆಮೇಲೆ ಉಳಿದ ಮಾಜಿ ಸೈನಿಕರದ್ದು, ಅದಾದ ಮೇಲೆ ಬೇರೆಯವರು.

ಈ "ಇಡಲೇಬೇಕು" ಸುಮ್ನೆ ಬಂದಿದ್ದಲ್ಲ. ಕಾನೂನು 2006ರಲ್ಲೇ ಆಗಿತ್ತು. ಆದರೂ ವಿಎ ಇಲಾಖೆ, ಮೊದಲೇ ದರ ಗೊತ್ತುಮಾಡಿದ ಕಂಪನಿಗಳ ಪಟ್ಟಿಯಿಂದ ಕೊಳ್ಳುವಾಗ ಈ ನಿಯಮ ತನಗೆ ಅನ್ವಯಿಸುವುದಿಲ್ಲ ಅಂತ ವಾದಿಸುತ್ತಿತ್ತು. 2012ರಲ್ಲಿ ಕೆಲವು ಆಸ್ಪತ್ರೆಗಳಿಗೆ ತುರ್ತು ಸಂದೇಶ ಕಳಿಸುವ ವ್ಯವಸ್ಥೆ ಬೇಕಾಗಿತ್ತು. ಅದನ್ನು ಆ ಪಟ್ಟಿಯಿಂದಲೇ, ಮಾಜಿ ಸೈನಿಕರದ್ದಲ್ಲದ ಕಂಪನಿಯಿಂದ ತೆಗೆದುಕೊಂಡರು. ಮೇರಿಲ್ಯಾಂಡಿನ ಕಿಂಗ್‌ಡಮ್‌ವೇರ್ ಟೆಕ್ನಾಲಜೀಸ್ ಅನ್ನುವ ಸಣ್ಣ ಕಂಪನಿ ಇದನ್ನು ಪ್ರಶ್ನಿಸಿತು. ಅದರ ಮಾಲೀಕರೂ ಅಂಗವೈಕಲ್ಯ ಇರುವ ಮಾಜಿ ಸೈನಿಕರು. ಸರ್ಕಾರದ ಲೆಕ್ಕ ತಪಾಸಣೆ ಸಂಸ್ಥೆ ಕಂಪನಿಯ ಪರ ಹೇಳಿತು, ವಿಎ ಒಪ್ಪಲಿಲ್ಲ. ಕೆಳಗಿನ ಎರಡು ಕೋರ್ಟುಗಳಲ್ಲಿ ಕಂಪನಿ ಸೋತಿತು. ಅಷ್ಟರಲ್ಲಿ ಆ ಗುತ್ತಿಗೆಯ ಕೆಲಸವೇ ಮುಗಿದುಹೋಗಿತ್ತು. ಆದರೂ ಅವರು ಬಿಡಲಿಲ್ಲ. 2016ರ ಜೂನ್ 16ರಂದು ಸುಪ್ರೀಂ ಕೋರ್ಟಿನ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಕಂಪನಿಯ ಪರ ತೀರ್ಪು ಕೊಟ್ಟರು. ಕಾನೂನಿನಲ್ಲಿ ಇಡಲೇಬೇಕು ಅಂತ ಬರೆದಿದೆ, ಅಂದರೆ ಇಡಲೇಬೇಕು ಅಂತ. ಇವತ್ತು ನಿಮ್ಮ ಯಜಮಾನರಂಥವರಿಗೆ ವಿಎ ಆಸ್ಪತ್ರೆಗಳ ಬಾಗಿಲು ತೆರೆದಿದ್ದರೆ, ಅದರಲ್ಲಿ ಆ ಹಠಕ್ಕೆ ದೊಡ್ಡ ಪಾಲು ಇದೆ. ನನಗೆ ಆ ಕಂಪನಿಯ ಬಗ್ಗೆ ಬಹಳ ಗೌರವ.

ಈಗ ಇದರಿಂದ ನಿಮಗೇನು? ನೋಡಿ, ಅಧಿಕಾರಿ ಇಬ್ಬರನ್ನು ಎಣಿಸುವುದು ಎಲ್ಲಿ? ತಾವು ಹುಡುಕಿದ್ದರಲ್ಲಿ, ಮತ್ತು ಟೆಂಡರಿಗೆ ಮೊದಲು ಹಾಕುವ ಒಂದು ಪ್ರಕಟಣೆಗೆ ಬಂದ ಉತ್ತರಗಳಲ್ಲಿ. ಆ ಪ್ರಕಟಣೆಗೆ ಸೋರ್ಸಸ್ ಸಾಟ್ ಅನ್ನುತ್ತಾರೆ. "ನಮಗೆ ಇಂಥ ಕೆಲಸ ಆಗಬೇಕಿದೆ, ಮಾಡಬಲ್ಲವರು ಯಾರಿದ್ದೀರಿ?" ಅಂತ ಕೇಳುವ ಎರಡು ಮೂರು ಪುಟ. ಇದೂ ಸ್ಯಾಮ್‌ನಲ್ಲೇ ಸಿಗುತ್ತದೆ. ಇದು ಟೆಂಡರ್ ಅಲ್ಲ, ದುಡ್ಡು ಬರುವುದಿಲ್ಲ. ಅದಕ್ಕೇ ಹೊಸಬರು ಇದನ್ನು ದಾಟಿ ಮುಂದೆ ಹೋಗುತ್ತಾರೆ. ನಾನು ಕಂಡ ಮಟ್ಟಿಗೆ ಹೊಸ ಕಂಪನಿಗಳು ಮಾಡುವ ಅತಿ ದೊಡ್ಡ ತಪ್ಪು ಇದೇ. ಅಂಥ ಪ್ರಕಟಣೆಗೆ ಮಾಜಿ ಸೈನಿಕರ ಕಂಪನಿಗಳಿಂದ ಒಂದೇ ಉತ್ತರ ಬಂದರೆ, ಆ ಅಧಿಕಾರಿ ಬೇಲಿ ಹಾಕದೆ ಎಲ್ಲರಿಗೂ ಬಿಟ್ಟುಬಿಡುವ ಸಾಧ್ಯತೆ ಜಾಸ್ತಿ. ಎರಡು ಗಟ್ಟಿ ಉತ್ತರ ಬಂದರೆ ಆಟವೇ ಬೇರೆ. ನಿಮ್ಮದು ಆ ಎರಡನೇ ಉತ್ತರ ಆಗಬಹುದು, ಅಲ್ವಾ?

ಉತ್ತರ ಬರೆಯುವಾಗ "ನಾವು ಗುಣಮಟ್ಟಕ್ಕೆ ಹೆಸರಾದವರು" ಅಂತೆಲ್ಲ ತುಂಬಬೇಡಿ. ಅವರು ಕೇಳಿದ್ದಕ್ಕೆ ಕೇಳಿದ ಕ್ರಮದಲ್ಲೇ ಉತ್ತರ ಕೊಡಿ. ಚಿಲ್ಲರ್, ಅಂದರೆ ದೊಡ್ಡ ಕಟ್ಟಡ ತಂಪು ಮಾಡುವ ಯಂತ್ರದ ರಿಪೇರಿ ಕೇಳಿದ್ದರೆ, ಯಾವ ತರಹದ, ಎಷ್ಟು ಟನ್ನಿನ ಚಿಲ್ಲರ್ ಮೇಲೆ ಯಜಮಾನರು ಎಷ್ಟು ವರ್ಷ ಕೆಲಸ ಮಾಡಿದ್ದಾರೆ ಅಂತ ಬರೆಯಿರಿ. ನೌಕಾಪಡೆಯ ಹಡಗಿನಲ್ಲಿ ಮಾಡಿದ್ದನ್ನೂ ಬರೆಯಿರಿ. ಕಂಪನಿ ಹೊಸದಾದರೂ ಮನುಷ್ಯ ಹೊಸಬನಲ್ಲ ಅಂತ ಅಧಿಕಾರಿಗೆ ಕಾಣಬೇಕು.

ಇನ್ನು ನಿಮ್ಮ ತಮ್ಮನ ವಿಷಯ. ಇದನ್ನು ಹೇಳುವುದು ಸ್ವಲ್ಪ ಕಷ್ಟ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ, ಅಕ್ಕ ಭಾವನಿಗೆ ಅನುಕೂಲ ಆಗಲಿ ಅಂತ. ಆದರೆ ಅವರು ಹೇಳಿದ ಹಾಗೆ ಮಾಡಿದರೆ ಅದು ಅಪರಾಧ. ಇಂಗ್ಲಿಷಿನಲ್ಲಿ ಇದಕ್ಕೆ ರೆಂಟ್-ಎ-ವೆಟ್ ಅನ್ನುತ್ತಾರೆ. ಮಾಜಿ ಸೈನಿಕರ ಹೆಸರನ್ನು ಬಾಡಿಗೆಗೆ ತಗೊಳ್ಳುವುದು. ಕಾನ್ಸಾಸ್, ಮಿಸ್ಸೂರಿ ಕಡೆಯ ಒಂದು ಪ್ರಕರಣದಲ್ಲಿ ಹೀಗೆ ಹೆಸರು ಮುಂದಿಟ್ಟುಕೊಂಡು ಪಡೆದ ಗುತ್ತಿಗೆಗಳ ಮೊತ್ತ 30 ಕೋಟಿ ಡಾಲರ್ ಮೀರಿತ್ತು. ಜೈಲು ಶಿಕ್ಷೆ ಆಯಿತು. "ಕೆಲಸ ಚೆನ್ನಾಗಿಯೇ ಮಾಡಿದ್ದೇವಲ್ಲ, ಸರ್ಕಾರಕ್ಕೇನು ನಷ್ಟ?" ಅಂತ ಕೇಳಿದರೆ ನಡೆಯುವುದಿಲ್ಲ. ಸುಳ್ಳು ಹೇಳಿ ಪಡೆದ ಗುತ್ತಿಗೆಯ ಪೂರ್ತಿ ಮೊತ್ತವನ್ನೇ ನಷ್ಟ ಅಂತ ಕಾನೂನು ಹಿಡಿಯುತ್ತದೆ. ಸುಳ್ಳು ಬಿಲ್ಲುಗಳ ಕಾನೂನಿನ ಅಡಿ ಮೂರು ಪಟ್ಟು ವಸೂಲಿ ಮಾಡಲೂ ದಾರಿ ಇದೆ. ಮತ್ತೆ, ಅರ್ಜಿಗೆ ಸಹಿ ಹಾಕುವವರು ಯಾರು? ನಿಮ್ಮ ಯಜಮಾನರು. 8 ವರ್ಷ ಸೇವೆ ಮಾಡಿ ಬೆನ್ನು ಕೊಟ್ಟವರು ಈ ವಯಸ್ಸಿನಲ್ಲಿ ಅಂಥದ್ದಕ್ಕೆ ಸಿಕ್ಕಿಕೊಳ್ಳಬಾರದು.

ಕಾನೂನು ಕೇಳುವುದು ಎರಡು. ಒಂದು, ಕಂಪನಿಯ 51% ಆದರೂ ಅವರದ್ದಾಗಿರಬೇಕು, ಯಾವ ಷರತ್ತೂ ಇಲ್ಲದೆ. ಎರಡನೆಯದ್ದೇ ಮುಖ್ಯ. ದಿನದ ವ್ಯವಹಾರ ಮತ್ತು ದೊಡ್ಡ ನಿರ್ಧಾರ ಎರಡೂ ಅವರ ಕೈಯಲ್ಲಿರಬೇಕು. ಕಂಪನಿಯ ಅತಿ ಎತ್ತರದ ಹುದ್ದೆ ಅವರದ್ದು. ಅವರಿಗಿಂತ ಜಾಸ್ತಿ ಸಂಬಳ ಬೇರೆಯವರಿಗೆ ಹೋದರೆ ಯಾಕೆ ಅಂತ ಕೇಳುತ್ತಾರೆ. ಬ್ಯಾಂಕ್ ಖಾತೆ, ಒಪ್ಪಂದದ ಸಹಿ, ಯಾರನ್ನು ಕೆಲಸಕ್ಕೆ ತಗೊಳ್ಳಬೇಕು ಅನ್ನುವುದು, ಎಲ್ಲವನ್ನೂ ನೋಡುತ್ತಾರೆ. ಏಸಿ ರಿಪೇರಿ ಮಾಡಿದವರು ಐಟಿ ಕಂಪನಿ ನಡೆಸಬಾರದು ಅಂತ ಎಲ್ಲೂ ಬರೆದಿಲ್ಲ. ಆದರೆ ಆ ಕೆಲಸ ನಡೆಸುವಷ್ಟು ಅನುಭವ ಇದೆಯಾ ಅಂತ ಕೇಳಿದಾಗ ಏನು ತೋರಿಸುತ್ತೀರಿ? ದುಡ್ಡು ತಮ್ಮನದ್ದು, ಗಿರಾಕಿ ತಮ್ಮನವರು, ಆಫೀಸೂ ತಮ್ಮನದ್ದೇ ಆದರೆ ಎರಡು ಕಂಪನಿಯೂ ಒಂದೇ ಅಂತ ಸೇರಿಸಿ ಲೆಕ್ಕ ಹಾಕಬಹುದು. ಆಗ ಎರಡರ ಆದಾಯ ಕೂಡಿಸಿ, ನೀವು ಸಣ್ಣ ಉದ್ಯಮವೇ ಅಲ್ಲ ಅಂದರೂ ಅನ್ನಬಹುದು. ಸರ್ಕಾರ ಗಮನಿಸದಿದ್ದರೂ ಸೋತ ಪ್ರತಿಸ್ಪರ್ಧಿ ಗಮನಿಸುತ್ತಾನೆ. ಟೆಂಡರ್ ಗೆದ್ದವರ ಅರ್ಹತೆಯನ್ನು ಪ್ರಶ್ನಿಸಲು ಅವರಿಗೆ 5 ಕೆಲಸದ ದಿನಗಳ ಅವಕಾಶ ಇರುತ್ತದೆ, ಮತ್ತು ಅವರು ಅದನ್ನು ಬಳಸುತ್ತಾರೆ.

ಹಾಗಂತ ತಮ್ಮ ದೂರ ಇರಬೇಕಾಗಿಲ್ಲ. ಅವರು ಸಾಲ ಕೊಡಬಹುದು. ಮಾಮೂಲಿ ಬಡ್ಡಿ, ಬರೆದಿಟ್ಟ ಕಾಗದ, ತೀರಿಸುವ ದಿನಾಂಕ ಇರಲಿ. "ಸಾಲ ತೀರುವವರೆಗೆ ಚೆಕ್ಕಿಗೆ ನನ್ನ ಸಹಿಯೂ ಬೇಕು" ಅಂದರೆ ಅಲ್ಲಿಗೆ ಹಿಡಿತ ಹೋಯಿತು. ಅವರು ಸಣ್ಣ ಪಾಲುದಾರರೂ ಆಗಬಹುದು. ಇನ್ನೂ ಮುಂದೆ, ದೊಡ್ಡ ಕಂಪನಿಯೊಂದು ಸಣ್ಣದನ್ನು ಬೆಳೆಸಲು ಎಸ್‌ಬಿಎಯ ಮೆಂಟರ್-ಪ್ರೊಟೆಜೆ ಅನ್ನುವ ಅಧಿಕೃತ ದಾರಿಯೇ ಇದೆ. ಎಸ್‌ಬಿಎ ಒಪ್ಪಿದರೆ ಇಬ್ಬರೂ ಜಂಟಿಯಾಗಿ ಟೆಂಡರ್ ಹಾಕಬಹುದು. ಆದರೆ ಅದು ನಾಳೆಯ ಮಾತು.

ನೀವೂ ಪಾಲು ಇಟ್ಟುಕೊಳ್ಳಬಹುದು, ಲೆಕ್ಕಪತ್ರ ನೋಡಿಕೊಳ್ಳಬಹುದು. ಅದಕ್ಕೇನೂ ಅಡ್ಡಿ ಇಲ್ಲ. ಆದರೆ ಯಜಮಾನರ ಬದಲು ನೀವೇ ನಡೆಸಲು ಆಗುವುದಿಲ್ಲ. ಶಾಶ್ವತವಾದ, ಪೂರ್ಣ ಅಂಗವೈಕಲ್ಯ ಅಂತ ವಿಎ ಬರೆದುಕೊಟ್ಟವರ ಮನೆಯಲ್ಲಿ ಮಾತ್ರ ಹೆಂಡತಿಗೆ ಅಥವಾ ಗಂಡನಿಗೆ ಆ ಅವಕಾಶ ಇದೆ. 30% ಇರುವ ನಿಮ್ಮ ಮನೆಗೆ ಅದು ಅನ್ವಯಿಸುವುದಿಲ್ಲ.

ನೌಕರಿ ಬಿಡಬೇಕಾ ಅಂತ ನೀವು ಕೇಳಲಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಅದು. ಏಸಿ ಕಂಪನಿಗಳು ಕೆಲಸ ಮಾಡುವ ಮಾಮೂಲಿ ಹೊತ್ತಿನಲ್ಲಿ ಮಾಲೀಕರು ಬೇರೆ ಕಡೆ ನೌಕರಿಯಲ್ಲಿದ್ದರೆ, ಕಂಪನಿ ಅವರ ಹಿಡಿತದಲ್ಲಿಲ್ಲ ಅಂತ ಎಸ್‌ಬಿಎ ಮೊದಲೇ ಅಂದುಕೊಳ್ಳುತ್ತದೆ. ಹಾಗಿಲ್ಲ ಅಂತ ನೀವು ಸಾಬೀತು ಮಾಡಬೇಕು. ಅದು ಕಷ್ಟ. ನನ್ನ ಸಲಹೆ ಹೀಗೆ. ನೌಕರಿಯಲ್ಲಿರುವಾಗಲೇ ಕಾಗದ ಪತ್ರಗಳ ಕೆಲಸ ಶುರು ಮಾಡಿ. ಕ್ಯಾಲಿಫೋರ್ನಿಯಾದಲ್ಲಿ ಏಸಿ ಗುತ್ತಿಗೆದಾರರಿಗೆ ಸಿ-20 ಲೈಸೆನ್ಸ್ ಬೇಕು. ಅದಕ್ಕೆ 4 ವರ್ಷದ ಕಸುಬಿನ ಅನುಭವ ತೋರಿಸಬೇಕು. ಸೇನೆಯಲ್ಲಿ ಮಾಡಿದ ಕೆಲಸವನ್ನೂ ಲೈಸೆನ್ಸ್ ಮಂಡಳಿ ಪರಿಗಣಿಸುತ್ತದೆ, ಮಾಜಿ ಸೈನಿಕರ ಅರ್ಜಿಗೆ ಪ್ರತ್ಯೇಕ ಸಹಾಯವೂ ಇದೆ. ಕೂಲಿಂಗ್ ಗ್ಯಾಸ್ ಮುಟ್ಟಲು ಪರಿಸರ ಇಲಾಖೆಯ ಸೆಕ್ಷನ್ 608 ಸರ್ಟಿಫಿಕೇಟ್ ಈಗಾಗಲೇ ಇರಬೇಕು. ಲೈಸೆನ್ಸ್ ಅವರ ಹೆಸರಿನಲ್ಲೇ ಇರಲಿ. ಪಾಲುದಾರನ ಹೆಸರಿನಲ್ಲಿದ್ದರೆ "ಹಾಗಾದರೆ ಕಂಪನಿ ನಡೆಯುವುದು ಅವರಿಂದಲೇ ಅಲ್ವಾ?" ಅನ್ನುವ ಪ್ರಶ್ನೆ ಏಳುತ್ತದೆ. ಖಾಸಗಿ ಗಿರಾಕಿಗಳಿಂದ ಮನೆ ಖರ್ಚು ನಡೆಯುವಷ್ಟು ಕೆಲಸ ಸಿಕ್ಕಿದ ಮೇಲೆ ನೌಕರಿ ಬಿಡಲಿ, ಆಗ ಸರ್ಟಿಫಿಕೇಟಿಗೆ ಅರ್ಜಿ ಹಾಕಲಿ. ಕಂಪನಿಗೆ ಇಷ್ಟು ವರ್ಷ ಆಗಿರಬೇಕು ಅನ್ನುವ ನಿಯಮ ಇದಕ್ಕಿಲ್ಲ.

ಅರ್ಜಿ ಹಾಕುವುದು ಎಸ್‌ಬಿಎ ತಾಣದಲ್ಲಿ. ಮೊದಲು ಈ ಪರಿಶೀಲನೆಯನ್ನು ವಿಎ ಇಲಾಖೆ ಮಾಡುತ್ತಿತ್ತು, ಅದೂ ತನ್ನ ಗುತ್ತಿಗೆಗಳಿಗೆ ಮಾತ್ರ. ಬೇರೆ ಇಲಾಖೆಗಳಲ್ಲಿ "ನಾನು ಅಂಗವೈಕಲ್ಯ ಇರುವ ಮಾಜಿ ಸೈನಿಕ" ಅಂತ ತಾವೇ ಬರೆದುಕೊಂಡರೆ ಸಾಕಾಗಿತ್ತು. ಅದರಿಂದಲೇ ಮೋಸಕ್ಕೆ ದಾರಿ ಆಗಿದ್ದು. 2023ರ ಜನವರಿ 1ರಿಂದ ಎಲ್ಲ ಇಲಾಖೆಗೂ ಸೇರಿ ಎಸ್‌ಬಿಎ ಒಂದೇ ಸರ್ಟಿಫಿಕೇಟ್ ಕೊಡುತ್ತದೆ. ಒಮ್ಮೆ ಸಿಕ್ಕರೆ 3 ವರ್ಷ ನಡೆಯುತ್ತದೆ. ವಿಎ ಪತ್ರ, ಸೇನೆಯಿಂದ ಬಿಡುಗಡೆಯಾದ ಡಿಡಿ-214 ಕಾಗದ, ತೆರಿಗೆ ಕಾಗದಗಳು, ಕಂಪನಿ ಹೇಗೆ ನಡೆಯಬೇಕು ಅಂತ ಪಾಲುದಾರರು ಬರೆದುಕೊಂಡ ಒಡಂಬಡಿಕೆ ಎಲ್ಲ ಕೈಗೆ ಸಿಗುವ ಹಾಗೆ ಒಂದು ಕಡೆ ಇಟ್ಟುಕೊಳ್ಳಿ. ಏಸಿ ಕೆಲಸಕ್ಕೆ "ಸಣ್ಣ ಉದ್ಯಮ" ಅನ್ನಿಸಿಕೊಳ್ಳಲು ವರ್ಷದ ಸರಾಸರಿ ಆದಾಯ 1.9 ಕೋಟಿ ಡಾಲರ್ ಒಳಗಿರಬೇಕು ಅಂತ ಮಿತಿ. ಅದರ ಚಿಂತೆ ನಿಮಗೆ ಸದ್ಯಕ್ಕೆ ಬೇಡ.

ಒಡಂಬಡಿಕೆಯ ಬಗ್ಗೆ ಒಂದು ಎಚ್ಚರಿಕೆ. ಎಲ್‌ಎಲ್‌ಸಿ ಅನ್ನುವ ತರಹದ ಕಂಪನಿ ಮಾಡುವಾಗ ಇಂಟರ್‌ನೆಟ್ಟಿನಲ್ಲಿ ಸಿಗುವ ಮಾದರಿ ಒಡಂಬಡಿಕೆಯನ್ನು ಹಾಗೇ ಇಳಿಸಿಕೊಂಡು ಸಹಿ ಹಾಕಿದವರನ್ನು ನೋಡಿದ್ದೇನೆ. ಅದರಲ್ಲಿ ಎಲ್ಲೋ ಒಂದು ಕಡೆ "ಎಲ್ಲ ಪಾಲುದಾರರೂ ಒಪ್ಪಬೇಕು" ಅಂತಲೋ, "ಮೂರನೇ ಎರಡರಷ್ಟು ಮತ ಬೇಕು" ಅಂತಲೋ ಇರುತ್ತದೆ. 51% ಇಟ್ಟುಕೊಂಡವರಿಗೆ ಮೂರನೇ ಎರಡರಷ್ಟು ಆಗುವುದಿಲ್ಲ. ಅಂದರೆ 49% ಇರುವವರು ಬೇಡ ಅಂದರೆ ಇವರು ಏನೂ ಮಾಡುವ ಹಾಗಿಲ್ಲ. ಕಂಪನಿ ಮಾರುವುದು, ಹೊಸ ಪಾಲುದಾರರನ್ನು ಸೇರಿಸುವುದು, ಇಂಥ ಕೆಲವೇ ಅಪರೂಪದ ನಿರ್ಧಾರಗಳಿಗೆ ಬೇರೆಯವರ ಒಪ್ಪಿಗೆ ಬೇಕು ಅಂತ ಇಡಬಹುದು. ದಿನದ ಮಾತಿಗೆ ಇಡುವ ಹಾಗಿಲ್ಲ. ಎಷ್ಟೋ ಪ್ರಾಮಾಣಿಕರ ಅರ್ಜಿಗಳು ಬಿದ್ದುಹೋಗುವುದು ಆ ಒಂದು ಸಾಲಿನಿಂದ.

ಈಗ ನಿಮ್ಮ ಊರಿಗೆ ಬರೋಣ. ಸ್ಯಾನ್ ಡಿಯಾಗೋದಲ್ಲಿ ಇಂಥ ಕೆಲಸಕ್ಕೆ ಬರವಿಲ್ಲ. ಲಾ ಹೋಯಾದಲ್ಲಿ ವಿಎ ಆಸ್ಪತ್ರೆ ಇದೆ. ನೌಕಾನೆಲೆ ಇದೆ, ಉತ್ತರಕ್ಕೆ ಕ್ಯಾಂಪ್ ಪೆಂಡಲ್ಟನ್ ಸೇನಾನೆಲೆ ಇದೆ. ನೌಕಾಪಡೆಯ ಕಟ್ಟಡಗಳನ್ನು ನೋಡಿಕೊಳ್ಳುವ ನ್ಯಾವ್‌ಫ್ಯಾಕ್ ಸೌತ್‌ವೆಸ್ಟ್ ಕಚೇರಿಯೂ ಅಲ್ಲೇ. ಆಸ್ಪತ್ರೆ ಅಂದ ಮೇಲೆ ಏಸಿ ಒಂದು ದಿನವೂ ನಿಲ್ಲುವ ಹಾಗಿಲ್ಲ. ಆದರೆ ನೆಲೆಗಳ ದೊಡ್ಡ ಗುತ್ತಿಗೆಗೆ ನೀವು ನೇರ ಹೋಗಬೇಡಿ. ಅಲ್ಲಿ ಮುಖ್ಯ ಗುತ್ತಿಗೆ ಹಿಡಿದ ದೊಡ್ಡ ಕಂಪನಿಗಳು ತಮ್ಮ ಕೆಲಸದ ಒಂದು ಪಾಲನ್ನು ಇಂಥ ಸಣ್ಣ ಕಂಪನಿಗಳಿಗೆ ಕೊಡುತ್ತೇವೆ ಅಂತ ಸರ್ಕಾರಕ್ಕೆ ಬರೆದುಕೊಟ್ಟಿರುತ್ತವೆ. ಅವರಿಗೆ ನೀವು ಬೇಕು. ಅವರ ಕೈಕೆಳಗೆ ಎರಡು ವರ್ಷ ಉಪಗುತ್ತಿಗೆ ಮಾಡಿ. ಭದ್ರತಾ ಪಾಸು ಹೇಗೆ, ಸುರಕ್ಷತೆಯ ಕಾಗದ ಹೇಗೆ, ಬಿಲ್ಲು ಹೇಗೆ ಹಾಕಬೇಕು ಅಂತ ಕೈಗೆ ಹತ್ತುತ್ತದೆ.

ದರ ಹಾಕುವಾಗ ಮೂರು ವಿಷಯ ಮರೆಯಬೇಡಿ. ಕೇಂದ್ರದ ಕಟ್ಟಡ ಕೆಲಸ 2,000 ಡಾಲರ್ ದಾಟಿದರೆ ಡೇವಿಸ್-ಬೇಕನ್ ಕಾನೂನು ಬರುತ್ತದೆ. ಆ ಜಿಲ್ಲೆಗೆ ಸರ್ಕಾರ ಗೊತ್ತುಮಾಡಿದ ಕೂಲಿಯನ್ನೇ ಕೆಲಸಗಾರರಿಗೆ ಕೊಡಬೇಕು. ಅದು ನೀವು ಹೊರಗೆ ಕೊಡುವುದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು. ಅದನ್ನು ನೋಡದೆ ದರ ಹಾಕಿ, ಗೆದ್ದು, ಕೈ ಸುಟ್ಟುಕೊಂಡವರು ಬಹಳ. ಎರಡು, ಏಸಿಯಂಥ ವಿಶೇಷ ಕಸುಬಿನ ಮೀಸಲು ಗುತ್ತಿಗೆಯಲ್ಲಿ ಸರ್ಕಾರ ಕೊಟ್ಟ ದುಡ್ಡಿನಲ್ಲಿ 75%ಕ್ಕಿಂತ ಜಾಸ್ತಿ, ಇದೇ ಸರ್ಟಿಫಿಕೇಟ್ ಇಲ್ಲದ ಉಪಗುತ್ತಿಗೆದಾರರಿಗೆ ಹೋಗಬಾರದು. ಸಾಮಾನಿನ ಖರ್ಚು ಇದರಲ್ಲಿ ಸೇರುವುದಿಲ್ಲ. ಬರೀ ಸೇವೆಯ ಗುತ್ತಿಗೆ ಆದರೆ ಮಿತಿ 50%. ಅಂದರೆ ಗುತ್ತಿಗೆ ಹಿಡಿದು ಬೇರೆಯವರಿಗೆ ದಾಟಿಸಿ ಕೂರುವ ಹಾಗಿಲ್ಲ. ಮೂರು, ಕೈಯಲ್ಲಿ ಮೂರು ತಿಂಗಳ ಸಂಬಳದಷ್ಟು ದುಡ್ಡು ಇರಲಿ. ಬಿಲ್ಲು ಸರಿಯಾಗಿದ್ದರೆ ಸರ್ಕಾರ ಸಾಮಾನ್ಯವಾಗಿ 30 ದಿನದೊಳಗೆ ಕೊಡುತ್ತದೆ, ಸಣ್ಣವರಿಗೆ ಇನ್ನೂ ಬೇಗ ಕೊಡಲು ನೋಡುತ್ತದೆ. ಆದರೆ ಮೊದಲ ಬಿಲ್ಲಿನಲ್ಲಿ ಏನಾದರೂ ಒಂದು ತಪ್ಪು ಇದ್ದೇ ಇರುತ್ತದೆ. ದೊಡ್ಡ ಕೆಲಸಕ್ಕೆ ಬಾಂಡ್ ಕೇಳುತ್ತಾರೆ, ಅಂದರೆ ಕೆಲಸ ಅರ್ಧಕ್ಕೆ ನಿಂತರೆ ನಷ್ಟ ತುಂಬಿಕೊಡುತ್ತೇವೆ ಅನ್ನುವ ಖಾತರಿ ಪತ್ರ. ಹೊಸ ಕಂಪನಿಗೆ ಬಾಂಡ್ ಸಿಗದಿದ್ದರೆ ಎಸ್‌ಬಿಎ ಖಾತರಿ ಕೊಡುವ ವ್ಯವಸ್ಥೆ ಇದೆ, ಕೇಳಿ.

ಕೇಂದ್ರದ ಬೆನ್ನು ಬಿದ್ದು ನಿಮ್ಮ ರಾಜ್ಯವನ್ನು ಮರೆಯಬೇಡಿ. ಕ್ಯಾಲಿಫೋರ್ನಿಯಾ ಸರ್ಕಾರಕ್ಕೂ ತನ್ನದೇ ಯೋಜನೆ ಇದೆ. ಅದರ ಹೆಸರು ಡಿವಿಬಿಇ. ಅಲ್ಲಿನ ಗುರಿ 3%. ಆದರೆ ಅಲ್ಲಿ 0% ನಡೆಯುವುದಿಲ್ಲ, ಕನಿಷ್ಠ 10% ಅಂಗವೈಕಲ್ಯ ಇರಬೇಕು, ಕ್ಯಾಲಿಫೋರ್ನಿಯಾದಲ್ಲೇ ನೆಲೆಸಿರಬೇಕು. ನಿಮ್ಮ 30% ಅಲ್ಲಿಗೂ ಸಾಕು. ಸರ್ಟಿಫಿಕೇಟ್ ಬೇರೆ, ಕೊಡುವವರೂ ಬೇರೆ. ರಾಜ್ಯದ ಸಾಮಾನ್ಯ ಸೇವೆಗಳ ಇಲಾಖೆ ಕೊಡುತ್ತದೆ. ಸಣ್ಣ ಮೊತ್ತದ ಎಷ್ಟೋ ಕೆಲಸಗಳಿಗೆ ದೊಡ್ಡ ಟೆಂಡರ್ ಕರೆಯದೆ, ಇಂಥ ಎರಡು ಕಂಪನಿಗಳಿಂದ ದರ ತರಿಸಿ ಕೊಟ್ಟುಬಿಡುವ ದಾರಿ ಅಲ್ಲಿದೆ. ನಿಮ್ಮ ಮೊದಲ ಸರ್ಕಾರಿ ಬಿಲ್ಲು ಇಲ್ಲಿಂದಲೇ ಬಂದರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಹಾಸನದಲ್ಲಿ ನಿಮ್ಮ ಬಂಧು ಯಾರಾದರೂ ಭಾರತದ ಸೇನೆಯಿಂದ ಬಂದಿದ್ದರೆ, ಇದನ್ನು ಓದಿ "ನಮಗೂ ಹೀಗಿದೆಯಾ?" ಅಂತ ಕೇಳಬಹುದು. ಭಾರತದ ಸಣ್ಣ ಉದ್ಯಮಗಳ ಖರೀದಿ ನೀತಿಯಲ್ಲಿ ಕೇಂದ್ರದ ಇಲಾಖೆಗಳು 25% ಸಣ್ಣವರಿಂದ ಕೊಳ್ಳಬೇಕು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಕ್ಕೆ 4%, ಮಹಿಳೆಯರದ್ದಕ್ಕೆ 3% ಇದೆ. ಮಾಜಿ ಸೈನಿಕರಿಗೆ ಅಂತ ಪ್ರತ್ಯೇಕ ಪಾಲು ಅದರಲ್ಲಿಲ್ಲ. ಅವರಿಗೆ ದಾರಿ ಇರುವುದು ರಕ್ಷಣಾ ಇಲಾಖೆಯ ಪುನರ್ವಸತಿ ನಿರ್ದೇಶನಾಲಯದ ಯೋಜನೆಗಳಲ್ಲಿ, ಸೆಕ್ಯುರಿಟಿ ಏಜೆನ್ಸಿಯಂಥವು. ಅದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಕೊನೆಗೆ ಕಾಲದ ಲೆಕ್ಕ. ಅಮೆರಿಕದ ಕೇಂದ್ರ ಸರ್ಕಾರದ ವರ್ಷ ಅಕ್ಟೋಬರ್ 1ಕ್ಕೆ ಶುರುವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಉಳಿದ ದುಡ್ಡು ಖರ್ಚು ಮಾಡಲು ಜುಲೈಯಿಂದ ಸೆಪ್ಟೆಂಬರ್‌ವರೆಗೆ ಖರೀದಿ ಜೋರು. ಆ ಹೊತ್ತಿಗೆ ಸರ್ಟಿಫಿಕೇಟ್ ಕೈಯಲ್ಲಿರಬೇಕಾದರೆ ತಿಂಗಳುಗಳ ಮೊದಲೇ ಅರ್ಜಿ ಹೋಗಿರಬೇಕು. ಈ ವಾರ ನೀವು ಮಾಡಬೇಕಾದದ್ದು ಎರಡೇ. ಎಪೆಕ್ಸ್ ಕಚೇರಿಗೆ ಫೋನ್ ಮಾಡಿ ಒಂದು ದಿನ ಗೊತ್ತುಮಾಡಿಕೊಳ್ಳಿ, ಯಜಮಾನರನ್ನೂ ಕರೆದುಕೊಂಡು ಹೋಗಿ. ಆಮೇಲೆ ತಮ್ಮನಿಗೆ ಈ ಉತ್ತರವನ್ನು ಓದಲು ಕೊಡಿ. ಸಾಲ ಕೊಡಲು ಅವರು ಆಗಲೂ ಸಿದ್ಧ ಇದ್ದರೆ, ಸಾಲದ ಕಾಗದವನ್ನೂ ಕಂಪನಿಯ ಒಡಂಬಡಿಕೆಯನ್ನೂ ಸಹಿಗೆ ಮೊದಲು ಎಪೆಕ್ಸ್‌ನವರಿಗೆ ತೋರಿಸಿ. ಮತ ಹಾಕುವ ವಿಷಯ ಬರೆದಿರುವ ಪುಟವನ್ನು ಎರಡು ಸಲ ಓದಿಸಿ.